ಬೆಲೆ ಬಾಳುವ ಮೈಕು

ಕಳೆದ ಮಳೆಗಾಲದ ಒಂದು ಸಂಜೆ ನನ್ನ ಅಕ್ಕನ ಮಗ ಬಂದು, ಜಗಲಿಯಲ್ಲಿ ಕೂತು, ಕೊಟ್ಟ ಕಾಫಿಯನ್ನು ಕೊನೆಯ ಗುಟುಕಿನವರೆಗೂ ಕುಡಿದು, ಲೋಟವನ್ನು ಒಮ್ಮೆ ಬಗ್ಗಿಸಿ ನೋಡಿ ಕೆಳಗಿಟ್ಟ. ಅಲ್ಲಿಯವರೆಗೂ ಮಳೆಯ ವಿಚಾರ ಬಿಟ್ಟರೆ ಬೇರೇನೂ ಆಡಲಿಲ್ಲ. ಹಣ ಕೇಳಲು ಬಂದವರು ಹೀಗೆಯೇ ಕೂರುತ್ತಾರೆ. ಮೂವತ್ತು ವರ್ಷ ಹೈಸ್ಕೂಲು ಮೇಷ್ಟರಾಗಿದ್ದು, ಅದರಲ್ಲಿ ಕೆಲವು ವರ್ಷ ಊರಿನ ಸಹಕಾರಿ ಸಂಘದ ನಿರ್ದೇಶಕನೂ ಆಗಿದ್ದ ನನಗೆ ಆ ಭಂಗಿ ಚೆನ್ನಾಗಿ ಗೊತ್ತು.

"ಮಾವ, ಒಂದು ಮೈಕು ತಗೋಬೇಕು ಅಂತಿದೀನಿ" ಎಂದ.

"ತಗೋ. ಎಷ್ಟಾಗ್ತದೆ?"

"ಮೈಕಿಗೆ ಮೂವತ್ತೈದು ಸಾವಿರದ ಹತ್ತಿರ. ಅದನ್ನ ಕಂಪ್ಯೂಟರಿಗೆ ಸೇರಿಸೋದಕ್ಕೆ ಒಂದು ಪೆಟ್ಟಿಗೆ ಬೇಕು. ಸ್ಟ್ಯಾಂಡು, ವೈರು ಎಲ್ಲ ಸೇರಿ ಐವತ್ತು ಆಗಬಹುದು."

ಮೈಕು ಎಂದರೆ ನನ್ನ ಕಣ್ಣ ಮುಂದೆ ಬರುವುದು ಗಣಪತಿ ಪೆಂಡಾಲಿನ ಮೈಕು. ಅದನ್ನು ಬೆರಳಲ್ಲಿ ಎರಡು ಸಲ ಕುಟ್ಟಿ, ಉಫ್ ಎಂದು ಊದಿ, "ಹಲೋ, ಹಲೋ" ಎಂದು ಕರೆಯದೆ ಯಾರೂ ಭಾಷಣ ಶುರು ಮಾಡಿದ್ದನ್ನು ನಾನು ಕಂಡಿಲ್ಲ. ಐವತ್ತು ಸಾವಿರ ಎಂದರೆ ಆ ಮೈಕು, ಅದರ ಕಹಳೆ, ಅದನ್ನು ತರುವ ಹುಡುಗ ಎಲ್ಲವೂ ಸೇರಿ ಎಷ್ಟು ಗಣಪತಿ ಹಬ್ಬಗಳಿಗಾದೀತು ಎಂದು ಮನಸ್ಸು ಲೆಕ್ಕ ಹಾಕತೊಡಗಿತು.

ಹುಡುಗ ಕೆಟ್ಟವನಲ್ಲ, ಸೋಮಾರಿಯೂ ಅಲ್ಲ. ಬೆಂಗಳೂರಿನಲ್ಲಿ ಕೆಲಸದಲ್ಲಿದ್ದ. ೨೦೨೦ರಲ್ಲಿ ಆಫೀಸುಗಳು ಮುಚ್ಚಿದಾಗ ಊರಿಗೆ ಬಂದವನು ಇಲ್ಲೇ ಉಳಿದುಕೊಂಡ. ತೋಟ ನೋಡುತ್ತಾನೆ, ರಾತ್ರಿ ಹೊತ್ತು ಕಂಪ್ಯೂಟರಿನಲ್ಲಿ ಯಾರಿಗೋ ಏನೋ ಕೆಲಸ ಮಾಡಿಕೊಟ್ಟು ಸ್ವಲ್ಪ ಸಂಪಾದಿಸುತ್ತಾನೆ. ಎರಡು ವರ್ಷದಿಂದ ಯೂಟ್ಯೂಬಿನಲ್ಲಿ ಮಾತಾಡುವ ಹುಚ್ಚು ಹಿಡಿದಿದೆ. ನಮ್ಮ ಕಡೆಯ ಕೆರೆಗಳ ಹೆಸರು ಹೇಗೆ ಬಂತು, ಅಡಿಕೆ ಸುಲಿಯುವ ಕತ್ತಿ ಮಾಡುತ್ತಿದ್ದ ಆಚಾರಿಗಳು ಎಲ್ಲಿ ಹೋದರು, ಮದುವೆಯಲ್ಲಿ ಹೆಂಗಸರು ಯಾವ ಹೊತ್ತಿಗೆ ಯಾವ ಹಾಡು ಹೇಳುತ್ತಿದ್ದರು, ಇಂಥವೇ ವಿಷಯಗಳು. ನಾನೂ ಕೇಳಿದ್ದೇನೆ. ವಿಷಯ ಚೆನ್ನಾಗಿರುತ್ತದೆ. ಆದರೆ ದನಿ ಮಾತ್ರ ಬಚ್ಚಲ ಹಂಡೆಯೊಳಗೆ ತಲೆಯಿಟ್ಟು ಮಾತಾಡಿದ ಹಾಗೆ ಕೇಳುತ್ತದೆ. ಮಳೆಗಾಲದಲ್ಲಿ ಮಾಡಿದವುಗಳಲ್ಲಿ ಮಳೆಯೇ ಹೆಚ್ಚು, ಅವನು ಕಡಿಮೆ. ಕೇಳುವವರು ಕೆಲವು ನೂರು ಜನ. ಅವರಲ್ಲೂ ಕೆಲವರು, ವಿಷಯ ಒಳ್ಳೆಯದು, ಮಾತು ಮಾತ್ರ ತಿಳಿಯುವುದಿಲ್ಲ ಎಂದು ಬರೆದಿದ್ದರು. ಅದು ಅವನಿಗೆ ನಾಟಿತ್ತು.

ಇದರಿಂದ ಹಣ ಬರುತ್ತದೆಯೇ ಎಂದು ಕೇಳಿದೆ. ಮಾಮೂಲಿ ವೀಡಿಯೋ ಮಾಡುವವರಿಗೆ ಜಾಹೀರಾತಿನ ಹಣದಲ್ಲಿ ಪಾಲು ಸಿಗಬೇಕಾದರೆ ೧,೦೦೦ ಚಂದಾದಾರರು ಇರಬೇಕು, ಒಂದು ವರ್ಷದಲ್ಲಿ ಜನ ಒಟ್ಟು ೪,೦೦೦ ಗಂಟೆ ನೋಡಿರಬೇಕು, ಆಮೇಲೆ ಮಾತು ಎಂದ. ಅಂದರೆ ಇಲ್ಲ. ಈ ಪ್ರಾಮಾಣಿಕತೆಯನ್ನು ನಾನು ಮೆಚ್ಚಬೇಕಾಗಿತ್ತು. ಬದಲಾಗಿ, ವಾದದಲ್ಲಿ ನನಗೊಂದು ಹಿಡಿ ಸಿಕ್ಕಿತು ಎಂದುಕೊಂಡೆ.

ಮೊಬೈಲಿನಲ್ಲಿ ಆ ಮೈಕಿನ ಚಿತ್ರ ತೋರಿಸಿದ. ಕಪ್ಪಗೆ, ದಪ್ಪಗೆ, ಮೂತಿಗೆ ಸ್ಪಂಜಿನ ಟೊಪ್ಪಿಗೆ ಹಾಕಿಕೊಂಡು ಕೂತಿದೆ. ಅಮೆರಿಕದ ಶ್ಯೂರ್ ಕಂಪನಿಯದು, ಎಸ್‌ಎಂ ೭ಬಿ ಎಂದು ಹೆಸರು. ಮೂಲದ ಮಾದರಿ ೧೯೭೩ರಲ್ಲಿ ಬಂದದ್ದು, ಈಗಿನ ರೂಪ ೨೦೦೧ರದು. ೧೯೮೨ರಲ್ಲಿ ಮೈಕೆಲ್ ಜಾಕ್ಸನ್ 'ಥ್ರಿಲ್ಲರ್' ಹಾಡಿದ್ದು ಈ ಜಾತಿಯ ಮೈಕಿನ ಮುಂದೆಯೇ ಅಂತೆ. ಇವತ್ತು ಪ್ರಪಂಚದಲ್ಲಿ ಕೂತು ಮಾತಾಡುವವರೆಲ್ಲ ಇದನ್ನೇ ಮೂತಿಯ ಮುಂದೆ ಇಟ್ಟುಕೊಳ್ಳುತ್ತಾರಂತೆ.

"ಹಾಡಿದ್ದು ಮೈಕೆಲ್ ಜಾಕ್ಸನ್ನೋ, ಮೈಕೋ?" ಎಂದೆ.

ಅವನು ನಕ್ಕ. ನಾನು ಬಿಡಲಿಲ್ಲ. ನಮ್ಮ ಕಾಳಿಂಗ ನಾವಡರನ್ನು ಎಳೆದು ತಂದೆ. ೧೯೯೦ರಲ್ಲಿ, ಮೂವತ್ತು ದಾಟಿ ಸ್ವಲ್ಪವೇ ಆಗಿದ್ದಾಗ, ರಸ್ತೆ ಅಪಘಾತದಲ್ಲಿ ತೀರಿಕೊಂಡ ಆ ಭಾಗವತರ ಪದಗಳನ್ನು ಇವತ್ತಿಗೂ ಜನ ಕೇಳುತ್ತಾರೆ. ಆಟದ ಬಯಲಿನಲ್ಲಿ ಯಾರೋ ಅಭಿಮಾನಿಗಳು ಸಣ್ಣ ಟೇಪ್ ರೆಕಾರ್ಡರು ಹಿಡಿದುಕೊಂಡು ತುಂಬಿಸಿಕೊಂಡ ಪದಗಳು. ನಡುವೆ ಮಗು ಅಳುತ್ತದೆ, ಯಾರೋ ಕೆಮ್ಮುತ್ತಾರೆ. ಯಾರಾದರೂ ಮೈಕು ಸರಿಯಿಲ್ಲವೆಂದು ಕ್ಯಾಸೆಟ್ಟು ಎಸೆದರೆ? ಸಾಧನಕ್ಕಿಂತ ಸಾಧನೆ ದೊಡ್ಡದು, ತಿಳಿಯಿತೆ? ಮೊದಲು ಮಾತಿನಲ್ಲಿ ಸತ್ವ ಬರಲಿ, ಮೈಕು ಆಮೇಲೆ ನೋಡೋಣ.

"ಆಯ್ತು ಮಾವ, ನೀವು ಹೇಳೋದು ಸರಿ" ಎಂದು ಎದ್ದು, ಕೊಡೆ ಬಿಚ್ಚಿ ಮಳೆಯಲ್ಲಿ ಇಳಿದು ಹೋದ.

ತರಗತಿಯಲ್ಲಿ ಒಂದು ಪ್ರಶ್ನೆ ಕೇಳಿ ಹುಡುಗರನ್ನು ಸುಮ್ಮನಾಗಿಸಿದಾಗ ಮೇಷ್ಟರಿಗೆ ಆಗುವ ಸಂತೋಷ ನನಗೂ ಆಯಿತು. ರಾತ್ರಿ ಊಟದ ಹೊತ್ತಿಗೆ ಅದು ಇಳಿದು ಹೋಗಿತ್ತು. ನಾನು ಅವನಿಗೆ ಹೇಳಿದ ಮಾತು ಸುಳ್ಳಲ್ಲ. ಆದರೆ ಮಾತು ನಿಜವಾದ ಮಾತ್ರಕ್ಕೆ ಆಡಿದವನು ನಿಜ ಆಡಿದ ಹಾಗಾಗುವುದಿಲ್ಲ. ಐವತ್ತು ಸಾವಿರ ನನ್ನ ಹತ್ತಿರ ಇತ್ತು. ಮಾಡಿನ ಹಂಚು ಕೈಯಾಡಿಸಿ, ಹುಳು ಹಿಡಿದ ಪಕಾಸು ಬದಲಿಸಲೆಂದು ತೆಗೆದಿಟ್ಟದ್ದು. ಅದನ್ನು ಬಿಚ್ಚಲು ಮನಸ್ಸಿರಲಿಲ್ಲ. ಮನಸ್ಸಿಲ್ಲ ಎಂದು ಹೇಳುವ ಬದಲು ಸಾಧನ, ಸಾಧನೆ ಎಂದು ತತ್ವ ಹೇಳಿದೆ. ಅದಕ್ಕಿಂತ ಹೆಚ್ಚಾಗಿ ನನ್ನನ್ನು ಕಾಡಿದ್ದು ಇನ್ನೊಂದು: ಇದೇ ಪ್ರಶ್ನೆ ಒಂದು ಸಲ ನನ್ನ ಮುಂದೆಯೂ ಬಂದಿತ್ತು, ಆಗ ನಾನು ಇದಕ್ಕೆ ಪೂರಾ ವಿರುದ್ಧವಾದ ತತ್ವ ಹೇಳಿಕೊಂಡಿದ್ದೆ.

೧೯೮೯ರ ಮಾತು. ನನ್ನ ತಾಯಿಗೆ ನೂರಾರು ಹಾಡು ಬರುತ್ತಿದ್ದವು. ಹಸೆಗೆ ಕರೆಯುವಾಗ, ಎಣ್ಣೆ ಹಚ್ಚುವಾಗ, ಹೆಣ್ಣು ಒಪ್ಪಿಸಿಕೊಡುವಾಗ, ಬಾಣಂತಿ ಕೋಣೆಯಲ್ಲಿ, ಹೀಗೆ ಒಂದೊಂದು ಹೊತ್ತಿಗೆ ಒಂದೊಂದು. ಬರೆದುಕೊಂಡದ್ದಲ್ಲ, ಅವಳ ತಾಯಿಯಿಂದ ಬಂದದ್ದು. ದನಿ ಸಣ್ಣದು. ಪಕ್ಕದಲ್ಲಿ ಕೂತವರಿಗೆ ಕೇಳಿಸುವಷ್ಟೇ. ಭದ್ರಾವತಿ ಆಕಾಶವಾಣಿ ೧೯೬೫ರಲ್ಲಿ ಶುರುವಾದ ಮೇಲೆ ನಮ್ಮ ಮನೆಗೂ ರೇಡಿಯೋ ಬಂತು. ಅದರಲ್ಲಿ ಜನಪದ ಗೀತೆ ಹಾಡುವವರನ್ನು ಕೇಳಿ, "ಅವು ಕಲಿತವರ ಗಂಟಲು, ನಮ್ಮದು ಅಡುಗೆಮನೆಯ ಗಂಟಲು" ಎನ್ನುತ್ತಿದ್ದಳು. ಅವಳ ಹಾಡುಗಳನ್ನು ಟೇಪು ಮಾಡಿಡಬೇಕೆಂದು ನನಗೆ ಆಸೆಯಾಯಿತು. ಶಿವಮೊಗ್ಗದ ಒಂದು ಅಂಗಡಿಗೆ ಹೋದೆ. ಎರಡು ಬಗೆಯವು ಇದ್ದವು. ಒಂದು ಅಂಗೈ ಅಗಲದ್ದು, ಮೈಕು ಅದರ ಹೊಟ್ಟೆಯಲ್ಲೇ. ಇನ್ನೊಂದು ದೊಡ್ಡದು, ಮೈಕನ್ನು ಬೇರೆಯಾಗಿ ಸಿಕ್ಕಿಸುವಂಥದ್ದು; ಅದರ ಬೆಲೆ ನನ್ನ ಒಂದು ತಿಂಗಳ ಸಂಬಳಕ್ಕಿಂತ ಮೇಲೆ. ಅಂಗಡಿಯವನು ಎರಡರಲ್ಲೂ ರೆಕಾರ್ಡು ಮಾಡಿ ಕೇಳಿಸಿದ. ಸಣ್ಣದರಲ್ಲಿ ಒಳಗಿನ ಮೋಟರು ತಿರುಗುವ ಸದ್ದೂ ಸೇರಿಕೊಳ್ಳುತ್ತಿತ್ತು. ನಾನು ಅಲ್ಲೇ ತೀರ್ಮಾನಿಸಿದೆ: ಅಮ್ಮನ ಹಾಡನ್ನು ಇಂಥದರಲ್ಲಿ ತುಂಬಿಸುವುದು ಹಾಡಿಗೆ ಮಾಡುವ ಅವಮಾನ, ತಗೊಂಡರೆ ಒಳ್ಳೆಯದನ್ನೇ ತಗೊಳ್ಳಬೇಕು, ಸಂಬಳದ ಹಿಂಬಾಕಿ ಬರಲಿ.

ಹಿಂಬಾಕಿ ಬಂತು. ಮಾಡಿಗೆ ಹೋಯಿತು. ಆಗಲೂ ಮಾಡೇ. ೧೯೯೧ರ ಚಳಿಗಾಲದಲ್ಲಿ ಅಮ್ಮ ತೀರಿಕೊಂಡಳು.

ಈಗ ನಮ್ಮ ಹತ್ತಿರ ಅಮ್ಮನ ದನಿ ಇರುವುದು ಒಂದೇ ಒಂದು ಕ್ಯಾಸೆಟ್ಟಿನಲ್ಲಿ. ಅದನ್ನು ಮಾಡಿದ್ದು ನಾನಲ್ಲ, ನನ್ನ ಭಾವ. ೧೯೯೦ರಲ್ಲಿ, ಅಂಗೈ ಅಗಲದ ಅಂಥದೇ ಒಂದು ರೆಕಾರ್ಡರನ್ನು ಯಾರಿಂದಲೋ ಎರವಲು ತಂದು, ಕಿಟಕಿಯ ಮೇಲಿಟ್ಟು ಕೆಂಪು ಗುಂಡಿ ಒತ್ತಿದರು. ಅಮ್ಮ ಕೂತದ್ದು ಅಲ್ಲಿಂದ ಹತ್ತಡಿ ಆಚೆ, ಗೋಡೆಗೆ ಒರಗಿ. ನಾನು ಅಂದು ಮನೆಯಲ್ಲೇ ಇದ್ದೆ. ಆ ಆಟಿಕೆಯಂಥ ಯಂತ್ರವನ್ನು ನೋಡಿ ಒಳಗೊಳಗೇ ಸಣ್ಣಗೆ ನಕ್ಕು, ಪೇಪರು ಹಿಡಿದು ಜಗಲಿಗೆ ಬಂದು ಕೂತೆ. ಆ ಅರ್ಧ ಗಂಟೆಯಲ್ಲಿ ಆರು ಹಾಡುಗಳಿವೆ. ಕೊನೆಯದು ಹೆಣ್ಣು ಒಪ್ಪಿಸಿಕೊಡುವ ಹಾಡು, ಐದು ನುಡಿ. ನಾಲ್ಕನೆಯ ನುಡಿ ಶುರುವಾಗುವ ಹೊತ್ತಿಗೆ ಅಡುಗೆಮನೆಯಲ್ಲಿ ಯಾರೋ ರುಬ್ಬಲು ತೊಡಗುತ್ತಾರೆ. ಕಲ್ಲಿನ ಗಡಗಡ ಶಬ್ದದ ಕೆಳಗೆ ಅಮ್ಮನ ದನಿ ಇದೆ ಎಂದು ತಿಳಿಯುತ್ತದೆ. ಪದ ಒಂದೂ ತಿಳಿಯುವುದಿಲ್ಲ. ಐದನೆಯ ನುಡಿಯ ನಡುವೆ ಕಲ್ಲು ನಿಲ್ಲುತ್ತದೆ. ಆ ನಾಲ್ಕನೆಯ ನುಡಿ ಈಗ ಯಾರಿಗೂ ಬರುವುದಿಲ್ಲ. ಅಕ್ಕನಿಗೂ ಬರುವುದಿಲ್ಲ. ರುಬ್ಬುತ್ತಿದ್ದವಳು ಅಕ್ಕನೇ.

ಒಮ್ಮೆ, ಒಳ್ಳೆಯ ಸಾಧನ ಬಾರದೆ ಕೆಲಸ ಶುರು ಮಾಡುವುದು ಅವಮಾನ ಎಂದೆ. ಇನ್ನೊಮ್ಮೆ, ಕೆಲಸ ಇರುವಾಗ ಸಾಧನ ಯಾಕೆ ಎಂದೆ. ಎರಡು ತತ್ವಗಳೂ ಎದುರುಬದುರು, ಆದರೆ ಎರಡರಿಂದಲೂ ಬಂದ ಫಲ ಒಂದೇ: ನನ್ನ ಹಣ ನನ್ನ ಹತ್ತಿರವೇ ಉಳಿಯಿತು.

ಮಾರನೆಯ ಬೆಳಿಗ್ಗೆ ಅಳಿಯನಿಗೆ ಫೋನು ಮಾಡಿದೆ. ಹಣದ ಮಾತು ಎತ್ತದೆ, "ನೋಡಿಯೇ ತೀರ್ಮಾನ ಮಾಡೋಣ" ಎಂದೆ. ಶಿವಮೊಗ್ಗದಲ್ಲಿ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಸಭೆ, ಮದುವೆಗಳಿಗೆ ಧ್ವನಿವ್ಯವಸ್ಥೆ ಮಾಡುತ್ತಾನೆ. ಅವನ ಹತ್ತಿರ ಆ ಮೈಕು ಇತ್ತು. ಎರಡು ದಿನಕ್ಕೆ ಬಾಡಿಗೆಗೆ ಕೊಟ್ಟ. ಮೇಷ್ಟರೆಂದು ಬಾಡಿಗೆ ತೆಗೆದುಕೊಳ್ಳಲಿಲ್ಲ. ಮೈಕುಗಳ ವಿಚಾರದಲ್ಲಿ ನನಗೆ ಪಾಠವನ್ನೂ ಮಾಡಿದ. ನಾನು ಕಲಿಸಿದ್ದಕ್ಕಿಂತ ಚೆನ್ನಾಗಿಯೇ ಮಾಡಿದ.

ಮೈಕೇ ಇಲ್ಲದ ಕಾಲದಲ್ಲಿ ಹಾಡುವವರು ಯಂತ್ರಕ್ಕೆ ತಲೆಬಾಗಬೇಕಿತ್ತು. ೧೯೦೨ರಲ್ಲಿ ಕಲ್ಕತ್ತೆಯಲ್ಲಿ ಗೌಹರ್ ಜಾನ್ ತಟ್ಟೆಗೆ ಹಾಡಿದಾಗ ಅವರ ಮುಂದೆ ಇದ್ದದ್ದು ಒಂದು ಕಹಳೆ. ಅದರೊಳಗೆ ಕೂಗಿ ಹಾಡಬೇಕು, ಮೂರು ನಿಮಿಷದಲ್ಲಿ ಮುಗಿಸಬೇಕು. ದನಿಯ ಬಲದಿಂದಲೇ ಸೂಜಿ ಅಲುಗಿ ಮೇಣದಲ್ಲಿ ಗೆರೆ ಕೊರೆಯಬೇಕು. ಅಮ್ಮನಂಥ ಸಣ್ಣ ದನಿಯವರಿಗೆ ಆ ಲೋಕದಲ್ಲಿ ಜಾಗವೇ ಇರಲಿಲ್ಲ. ೧೯೨೫ರ ಹೊತ್ತಿಗೆ ವಿದ್ಯುತ್ತಿನಿಂದ ಧ್ವನಿಮುದ್ರಣ ಮಾಡುವ ಕ್ರಮ ಬಂದ ಮೇಲೆ ಪಿಸುಮಾತೂ ತಟ್ಟೆಗೆ ಇಳಿಯುವಂತಾಯಿತು. ಮೈಕು ಗಟ್ಟಿ ದನಿಯನ್ನು ಇನ್ನೂ ಗಟ್ಟಿ ಮಾಡಲು ಇರುವುದೆಂದು ನಾನು ಇಷ್ಟು ದಿನ ತಿಳಿದಿದ್ದೆ. ನಿಜವಾಗಿ ಅದರ ದೊಡ್ಡ ಉಪಕಾರ ಆಗಿದ್ದು ಕೂಗಲಾರದವರಿಗೆ. ೧೯೬೨ರಲ್ಲಿ ಅಮೆರಿಕದ ಬೆಲ್ ಪ್ರಯೋಗಾಲಯದಲ್ಲಿ ಜೇಮ್ಸ್ ವೆಸ್ಟ್ ಮತ್ತು ಗೆರ್ಹಾರ್ಡ್ ಸೆಸ್ಲರ್ ಎಂಬಿಬ್ಬರು, ವಿದ್ಯುದಂಶವನ್ನು ತನ್ನಲ್ಲೇ ಹಿಡಿದಿಟ್ಟುಕೊಳ್ಳುವ ತೆಳ್ಳನೆಯ ಹಾಳೆಯಿಂದ ಮೈಕು ಮಾಡುವುದನ್ನು ಕಂಡುಹಿಡಿದರು. ಮೈಕು ಅಗ್ಗವಾದದ್ದು ಅದರಿಂದ. ಸೆರಗಿಗೆ ಸಿಕ್ಕಿಸುವ ಚಿಕ್ಕ ಮೈಕುಗಳು ಇವತ್ತಿಗೂ ಹೆಚ್ಚಾಗಿ ಆ ಜಾತಿಯವೇ.

ಅಳಿಯ ಬಯಸಿದ ದುಬಾರಿ ಮೈಕು ಬೇರೆ ಜಾತಿಯದು. ಅದರಲ್ಲಿ ತಂತಿಯ ಸುರುಳಿಯೊಂದು ಅಯಸ್ಕಾಂತದ ನಡುವೆ ಅಲುಗುತ್ತದೆ. ಅದು ಕೊಡುವ ಸಂಕೇತ ಬಹಳ ಕ್ಷೀಣ. ಅದನ್ನು ೬೦ ಡೆಸಿಬೆಲ್‌ನಷ್ಟು ಎತ್ತಿ ಕೊಡಬಲ್ಲ ಪೆಟ್ಟಿಗೆ ಬೇರೆ ಬೇಕು. ಆನೆ ಕೊಂಡ ಮೇಲೆ ಅಂಕುಶವೂ ಬೇಕಲ್ಲ, ಹಾಗೆ. ಬಾಯಿಗೆ ನಾಲ್ಕು ಬೆರಳಿನಷ್ಟು ಹತ್ತಿರ ಇಟ್ಟುಕೊಂಡು ಮಾತಾಡುವವರಿಗೆ ಅದು ಹೇಳಿ ಮಾಡಿಸಿದ್ದು. ದೂರ ಕೂತವರಿಗೆ ಅಲ್ಲ.

ಅಕ್ಕನ ಮನೆಯ ನಡುಮನೆಯಲ್ಲಿ ಪರೀಕ್ಷೆ ನಡೆಯಿತು. ಒಂದು ಮೊಬೈಲು, ಒಂದು ಸಾವಿರದೈನೂರು ರೂಪಾಯಿಯ ಸೆರಗಿನ ಮೈಕು, ಒಂದು ಐವತ್ತು ಸಾವಿರದ ವ್ಯವಸ್ಥೆ. ಹೊರಗೆ ಮಳೆ. ಮೊದಲು ಅಳಿಯ ಕೂತು ದುಬಾರಿ ಮೈಕಿನ ಮುಂದೆ ಒಂದು ಕಥೆ ಹೇಳಿದ. ಕಿವಿಗೆ ಹಾಕಿಕೊಂಡು ಕೇಳಿದೆ. ನಿಜ ಹೇಳಬೇಕು, ದಂಗಾದೆ. ಮಳೆ ಎಲ್ಲೋ ಆಚೆ ಕೇರಿಗೆ ಹೋದ ಹಾಗಿತ್ತು. ಹುಡುಗ ನನ್ನ ಪಕ್ಕದಲ್ಲಿ ಕೂತು ನನಗೊಬ್ಬನಿಗೇ ಹೇಳುತ್ತಿದ್ದಾನೆ ಎನ್ನಿಸಿತು. ಮೊಬೈಲಿನಲ್ಲಿ ನಾನು ಕೇಳುತ್ತಿದ್ದ ಹಂಡೆಯ ದನಿ ಇವನದೇ ಏನು ಎಂದು ಆಶ್ಚರ್ಯವಾಯಿತು. ಆದರೆ ಆ ಮೊಬೈಲನ್ನೇ ಬಾಯಿಯ ಹತ್ತಿರ ತಂದು, ಕಿಟಕಿ ಮುಚ್ಚಿ, ಗೋಡೆಗೆ ಎರಡು ದಪ್ಪ ಕಂಬಳಿ ಇಳಿಬಿಟ್ಟು ಮತ್ತೆ ಹೇಳಿದಾಗ, ಹಂಡೆ ಮುಕ್ಕಾಲು ಪಾಲು ಮಾಯವಾಯಿತು. ಕಂಬಳಿಯ ಖರ್ಚು ಸೊನ್ನೆ. ಉಳಿದ ಕಾಲು ಪಾಲಿಗೇ ಐವತ್ತು ಸಾವಿರ.

ಆಮೇಲೆ ಅಕ್ಕನನ್ನು ಕೂರಿಸಿದೆವು. ಅವಳಿಗೆ ಈಗ ಎಪ್ಪತ್ತನಾಲ್ಕು. ಮೂತಿಯ ಮುಂದೆ ಚಾಚಿಕೊಂಡ ಆ ಕಪ್ಪು ವಸ್ತುವನ್ನು ನೋಡಿ, "ಇದೇನೋ ಇದು, ಕಚ್ಚೋ ಹಾಗೆ ನೋಡ್ತದೆ" ಎಂದು ಹಿಂದೆ ಸರಿದಳು. ಮುಂದೆ ಬಾ ಎಂದರೆ ಬರುತ್ತಾಳೆ, ಹಾಡು ಶುರುವಾದ ಕೂಡಲೇ ಹಿಂದೆ ಸರಿಯುತ್ತಾಳೆ. ಹತ್ತಿರ ಇದ್ದಾಗ ದನಿ ಚೆನ್ನಾಗಿಯೇ ಬಂತು, ಆದರೆ ಪರೀಕ್ಷೆಗೆ ಕೂತ ಹುಡುಗಿಯ ದನಿ. ದೂರ ಸರಿದಾಗ ದನಿಯೇ ಇಲ್ಲ. ಪೆಟ್ಟಿಗೆಯ ಗುಂಡಿ ತಿರುಗಿಸಿ ಎತ್ತಿದರೆ ಅದರ ಜೊತೆಗೆ ಉಸ್ ಎನ್ನುವ ಸದ್ದೂ, ಮಳೆಯೂ ಎದ್ದು ಬಂದವು. ದೂರ ಎರಡು ಪಟ್ಟಾದರೆ ದನಿ ೬ ಡೆಸಿಬೆಲ್ ಇಳಿಯುತ್ತದೆ, ಕೋಣೆಯ ಸದ್ದು ಮಾತ್ರ ಇದ್ದ ಹಾಗೇ ಇರುತ್ತದೆ ಎಂದು ನನ್ನ ವಿದ್ಯಾರ್ಥಿ ಹೇಳಿದ್ದ. ಈ ನಿಯಮ ಬೆಲೆ ನೋಡಿ ನಡೆಯುವುದಿಲ್ಲ.

ಮಧ್ಯಾಹ್ನ ಅಕ್ಕ ಅವರೆಕಾಳು ಬಿಡಿಸಲು ಕೂತಾಗ ಅಳಿಯ ಅವಳ ಸೆರಗಿಗೆ ಚಿಕ್ಕ ಮೈಕು ಸಿಕ್ಕಿಸಿ ಸುಮ್ಮನಾದ. ಹತ್ತು ನಿಮಿಷಕ್ಕೆ ಅವಳು ಅದನ್ನು ಮರೆತಳು. ಇಪ್ಪತ್ತನೆಯ ನಿಮಿಷಕ್ಕೆ ತಾನಾಗಿಯೇ ಒಂದು ಹಾಡು ಶುರುಮಾಡಿದಳು. ಬಾಯಿಗೂ ಮೈಕಿಗೂ ಒಂದು ಗೇಣು ದೂರ. ಸಿಪ್ಪೆ ಬಿಡಿಸುವ ಚಿಟಚಿಟ ಸದ್ದಿನ ಜೊತೆಗೆ ಒಂದೊಂದು ಅಕ್ಷರವೂ ತಿಳಿಯುವಂತೆ ಬಂತು. ಆ ದಿನ ಸಾವಿರದೈನೂರು ರೂಪಾಯಿ ಐವತ್ತು ಸಾವಿರವನ್ನು ಸೋಲಿಸಿತು.

ಹಾಗಾದರೆ ದುಬಾರಿ ಮೈಕು ಬೇಡ ಎಂದು ಇಲ್ಲಿಗೆ ಮುಗಿಸಿದ್ದರೆ ನನ್ನ ಜಿಪುಣತನಕ್ಕೆ ಮೂರನೆಯ ತತ್ವವೂ ಸಿಕ್ಕಿದಂತಾಗುತ್ತಿತ್ತು. ಆದರೆ ಬೆಳಿಗ್ಗೆ ಕಿವಿಗೆ ಹಾಕಿಕೊಂಡು ಕೇಳಿದ್ದನ್ನು ಕೇಳಲಿಲ್ಲ ಎನ್ನಲು ಬರುವುದಿಲ್ಲ. ಅಳಿಯನ ಕೆಲಸ ಎರಡು ಬಗೆಯದು. ಅಕ್ಕನಂಥವರ ಹಾಡನ್ನು ಹಿಡಿದಿಡುವುದು ಒಂದು. ತಾನೇ ಕೂತು ಗಂಟೆಗಟ್ಟಲೆ ಮಾತಾಡುವುದು ಇನ್ನೊಂದು. ವರ್ಷದಲ್ಲಿ ನಾಲ್ಕು ತಿಂಗಳು ಮಳೆ ಸುರಿಯುವ ಹಂಚಿನ ಮನೆಯಲ್ಲಿ ಎರಡನೆಯ ಕೆಲಸಕ್ಕೆ ಆ ಕಾಲು ಪಾಲು ಬೇಕೇ ಬೇಕು. ಅನ್ನದಲ್ಲಿ ಮುಕ್ಕಾಲು ಪಾಲು ಕಲ್ಲಿಲ್ಲ ಎಂದು ಬಡಿಸಿದರೆ ಉಂಡವರು ಹರಸುವುದಿಲ್ಲ. ಕೇಳುವವನು ತನ್ನ ಆಯುಷ್ಯದ ಅರ್ಧ ಗಂಟೆಯನ್ನು ನಮಗೆ ಕೊಡುತ್ತಾನೆ. ಅವನು ಕಿವಿಯನ್ನು ಹಿಂಡಿಕೊಂಡು ಕೇಳಬೇಕಾಗಿ ಬಂದರೆ ಆ ಶ್ರಮದ ಹೊಣೆ ಯಾರದು? ಅದನ್ನು ಕಡಿಮೆ ಮಾಡಲು ಶಕ್ತಿಯಿದ್ದೂ ಮಾಡದಿರುವುದನ್ನು ಸರಳತೆ ಎನ್ನಲಾಗದು, ಉಪೇಕ್ಷೆ ಎನ್ನಬೇಕು.

ನಮ್ಮ ಭಾಷೆಯಲ್ಲಿ ಒಂದು ವಸ್ತು ಇಷ್ಟು ಬೆಲೆ "ಬಾಳುತ್ತದೆ" ಎನ್ನುತ್ತೇವೆ. ಬೆಲೆಯನ್ನು ಅಂಗಡಿಯವನು ಹೇಳುತ್ತಾನೆ. ಆದರೆ ಆ ಬೆಲೆಯನ್ನು ವಸ್ತು ಬಾಳಬೇಕು. ಬಾಳುವುದು ಅಂಗಡಿಯಲ್ಲಿ ಆಗುವ ಕೆಲಸವಲ್ಲ, ಮನೆಗೆ ಬಂದ ಮೇಲೆ ದಿನದಿನವೂ ಆಗಬೇಕಾದದ್ದು. ಬೀರುವಿನ ಮೇಲೆ ಕೂತ ಹಾರ್ಮೋನಿಯಂ, ಪ್ಲಾಸ್ಟಿಕ್ಕು ಹೊದ್ದುಕೊಂಡ ಹೊಲಿಗೆ ಯಂತ್ರ ನಮ್ಮಲ್ಲಿ ಯಾರ ಮನೆಯಲ್ಲಿಲ್ಲ? ಅವುಗಳಿಗೆ ಕೊಟ್ಟ ಬೆಲೆ ಹೆಚ್ಚಲ್ಲ. ಅವು ಬಾಳಲಿಲ್ಲ, ಅಷ್ಟೆ. ಅವನ್ನು ಕೊಂಡ ದಿನ ನಾವು ಕೊಂಡದ್ದು ಹಾರ್ಮೋನಿಯಮ್ಮನ್ನಲ್ಲ; ನಾಳೆಯಿಂದ ಹಾಡುತ್ತೇನೆ ಎಂಬ ನಂಬಿಕೆಯನ್ನು.

ಮೈಸೂರಿನಲ್ಲಿ ಮನಶ್ಶಾಸ್ತ್ರದ ಪ್ರಾಧ್ಯಾಪಕರಾಗಿದ್ದ ಎಂ.ವಿ. ಗೋಪಾಲಸ್ವಾಮಿಯವರು ೧೯೩೫ರಲ್ಲಿ ತಮ್ಮ ಮನೆಯಲ್ಲೇ ೩೦ ವಾಟಿನ ಪುಟ್ಟ ಪ್ರೇಷಕ ಇಟ್ಟುಕೊಂಡು ಬಾನುಲಿ ಕೇಂದ್ರ ತೆರೆದರು. ಇವತ್ತು ದೇಶದ ಬಾನುಲಿಗೆಲ್ಲ ಇರುವ 'ಆಕಾಶವಾಣಿ' ಎಂಬ ಹೆಸರು ಆ ಮನೆಯ ಕೇಂದ್ರಕ್ಕೆ ಇದ್ದದ್ದು. ಮೂವತ್ತು ವಾಟು ಎಂದರೆ ಒಂದು ಮಂಕು ಬಲ್ಬಿನಷ್ಟು. ಹೆಚ್ಚು ಶಕ್ತಿಯ ಪ್ರೇಷಕ ಆಮೇಲೆ ಬಂತು. ಅದು ಬರಲಿ ಎಂದು ಅವರು ಕಾದಿದ್ದರೆ ಬರುತ್ತಲೇ ಇರಲಿಲ್ಲ ಎಂದು ನನಗನ್ನಿಸುತ್ತದೆ. ಹಾಗೆಂದು ಮೂವತ್ತೇ ಸಾಕು ಎಂದೂ ಅವರು ಕೂರಲಿಲ್ಲ.

ಇದನ್ನೆಲ್ಲ ಯೋಚಿಸಿ ನಾನು ಬಂದು ನಿಂತ ಮಾತು ಇಷ್ಟು: ಅದಿಲ್ಲದೆಯೂ ನಾಳೆ ಬೆಳಿಗ್ಗೆ ಕೆಲಸಕ್ಕೆ ಹೊರಡುವವನಿಗೆ ಮಾತ್ರ ದುಬಾರಿ ಸಾಧನ ಬೆಲೆ ಬಾಳುತ್ತದೆ. ಅದು ಬರುವವರೆಗೆ ಕಾಯುತ್ತೇನೆ ಎನ್ನುವವನಿಗೆ ಎಷ್ಟು ಅಗ್ಗದಲ್ಲಿ ಸಿಕ್ಕಿದರೂ ಅದು ನಷ್ಟವೇ. ಏಕೆಂದರೆ ಅವನಿಗೆ ಬೇಕಾಗಿರುವುದು ಸಾಧನವಲ್ಲ, ನೆಪ. ೧೯೮೯ರಲ್ಲಿ ನನಗೆ ಬೇಕಾಗಿದ್ದು ನೆಪ. ಭಾವನಿಗೆ ಬೇಕಾಗಿದ್ದು ಅತ್ತೆಯ ದನಿ. ಅದಕ್ಕೇ ಅವರಿಗೆ ಎರವಲು ಯಂತ್ರ ಸಾಕಾಯಿತು. ಒಳ್ಳೆಯ ಯಂತ್ರ ಕೊಂಡು ಕೊಡಬೇಕಾಗಿದ್ದುದೂ ಅವರಿಗೇ.

ಎರಡನೆಯ ದಿನ ಸಂಜೆ ಮೈಕನ್ನು ಪೆಟ್ಟಿಗೆಗೆ ಹಾಕುತ್ತಿದ್ದ ಅಳಿಯನನ್ನು ಕೇಳಿದೆ: "ಇದು ಸಿಗಲೇ ಇಲ್ಲ ಅಂತಿಟ್ಟುಕೋ. ನಾಳೆ ಏನು ಮಾಡ್ತೀಯ?"

ಅವನು ಪ್ರಶ್ನೆಯ ಒಳಗುಟ್ಟು ಹುಡುಕಲು ಹೋಗಲಿಲ್ಲ. "ನಾಳೆ ಹೊಳೆ ಆಚೆ ಅಜ್ಜಿ ಮನೆಗೆ ಹೋಗ್ಬೇಕು ಮಾವ. ಅವರಿಗೆ ತೊಂಬತ್ತಾಯ್ತು. ಬಾಣಂತಿ ಹಾಡು ಬರ್ತದಂತೆ. ಮೊಬೈಲಲ್ಲೇ ಮಾಡ್ತೀನಿ" ಎಂದ.

ಈ ಪ್ರಶ್ನೆಯನ್ನು ಕೇಳಿದ್ದಕ್ಕೆ ಆಮೇಲೆ ನನಗೆ ಸ್ವಲ್ಪ ನಾಚಿಕೆಯಾಯಿತು. ಇದು ಒಬ್ಬ ತನಗೆ ತಾನೇ ಕೇಳಿಕೊಳ್ಳಬೇಕಾದ ಪ್ರಶ್ನೆ. ಹಣ ಇದ್ದವನು ಹಣ ಇಲ್ಲದವನಿಗೆ ಕೇಳಿದರೆ ಅದು ವಿವೇಕವಾಗಿ ಉಳಿಯುವುದಿಲ್ಲ, ಪರೀಕ್ಷೆಯಾಗುತ್ತದೆ. ಸಂಘದಲ್ಲಿ ಸಾಲ ಕೇಳಲು ಬಂದವರಿಗೆ ನಾವು ಅಂಥ ಎಷ್ಟು ಪರೀಕ್ಷೆಗಳನ್ನು ಒಡ್ಡಿಲ್ಲ! ಹುಡುಗ ಎರಡು ವರ್ಷದಿಂದ ಹಂಡೆಯ ದನಿಯಲ್ಲೇ ಮಾತಾಡುತ್ತ ಉತ್ತರ ಕೊಟ್ಟೇ ಇದ್ದ. ನಾನು ಕೇಳಿಸಿಕೊಂಡಿರಲಿಲ್ಲ.

ಮನೆಯಲ್ಲಿ ವಿಷಯ ತಿಳಿಸಿದೆ. ಮಾಡಿನ ದುಡ್ಡು ಎಂದು ನಾನು ಅಳುಕುತ್ತ ಹೇಳುತ್ತಿದ್ದರೆ, "ಸೋರುವ ಕಡೆ ಇನ್ನೊಂದು ವರ್ಷ ಪಾತ್ರೆ ಇಟ್ಟರಾಯ್ತು" ಎಂದು ನನ್ನ ಹೆಂಡತಿ ಒಳಗೆ ಹೋದಳು. ಐವತ್ತು ಸಾವಿರವನ್ನು ಅಳಿಯನ ಕೈಗೆ ಕೊಟ್ಟೆ. ಏನು ಕೊಳ್ಳಬೇಕೆಂದು ಹೇಳಲಿಲ್ಲ. ಅವನು ಆ ಮೈಕನ್ನೇ ಕೊಂಡ. ತನ್ನ ಮಾತಿಗೆ ಅದನ್ನು ಬಳಸುತ್ತಾನೆ. ಅಜ್ಜಿಯರ ಮನೆಗೆ ಹೋಗುವಾಗ ಸೆರಗಿನ ಮೈಕನ್ನು ಜೇಬಿಗೆ ಹಾಕಿಕೊಂಡು ಹೋಗುತ್ತಾನೆ. ಕೇಳುಗರು ಸಾವಿರವಾಗಿಲ್ಲ. ದನಿ ಚೆನ್ನಾಗಿದೆ ಎಂದು ಮೂವರು ಬರೆದರಂತೆ. ಐವತ್ತು ಸಾವಿರಕ್ಕೆ ಮೂರು ಜನ ಎಂದರೆ ಲೆಕ್ಕದಲ್ಲಿ ದುಬಾರಿಯೇ. ಲೆಕ್ಕ ತಪ್ಪಲ್ಲ, ಅದನ್ನು ಹಾಕಿ ನೋಡಿಯೇ ಕೊಟ್ಟೆ.

ಹೊಸ ಮೈಕಿನ ಜೊತೆಗೆ ಬಂದ ಉತ್ಸಾಹದಲ್ಲಿ ಅವನು ಅಮ್ಮನ ಕ್ಯಾಸೆಟ್ಟನ್ನೂ ಕಂಪ್ಯೂಟರಿಗೆ ಇಳಿಸಿದ. ಗದ್ದಲ ತೆಗೆಯುವ ವಿದ್ಯೆ ಈಗ ಬಹಳ ಮುಂದುವರಿದಿದೆ ಎಂದು ಒಂದು ವಾರ ಕೂತ. ಮೋಟರಿನ ಸದ್ದು ಹೋಯಿತು, ಕಾಗೆ ಹೋಯಿತು. ನಾಲ್ಕನೆಯ ನುಡಿ ಬರಲಿಲ್ಲ. ಕಲ್ಲನ್ನು ತೆಗೆದರೆ ಅದರ ಜೊತೆಗೆ ಅಮ್ಮನೂ ಹೋಗುತ್ತಾಳೆ; ಅಮ್ಮನನ್ನು ಉಳಿಸಿದರೆ ಕಲ್ಲೂ ಉಳಿಯುತ್ತದೆ. ನಾವೆಲ್ಲ ಕೂತು ಕೇಳಿದೆವು. ಅಕ್ಕ ತನ್ನದೇ ರುಬ್ಬುವ ಸದ್ದನ್ನು ತಲೆ ತಗ್ಗಿಸಿ ಕೇಳಿ, "ಯಾರಾದರೂ ಒಳಗೆ ಬಂದು ಒಂದು ಮಾತು ಹೇಳಿದ್ದರೆ ನಿಲ್ಲಿಸ್ತಿದ್ದೆನಲ್ಲೋ" ಎಂದಳು. ಯಾರನ್ನೂ ದೂರಿ ಹೇಳಿದ್ದಲ್ಲ. ಆದರೆ ಆ ದಿನ ಮನೆಯಲ್ಲಿ ಕೈ ಖಾಲಿ ಇದ್ದವನು, ಜಗಲಿಯಲ್ಲಿ ಪೇಪರು ಓದುತ್ತಿದ್ದವನು, ನಾನೊಬ್ಬನೇ. ಅಡುಗೆಮನೆಗೆ ಹದಿನೈದು ಹೆಜ್ಜೆ.

ಈಗ ಅಳಿಯ ಅಕ್ಕನ ಹಾಡು ಹಿಡಿಯಲು ಕೂತಾಗಲೆಲ್ಲ ನನಗೂ ಹೇಳಿ ಕಳಿಸುತ್ತಾನೆ. ಫ್ಯಾನು ಆರಿಸುವುದು, ಮಿಕ್ಸರು ಹಾಕದಂತೆ ಒಳಗೆ ಹೇಳಿ ಬರುವುದು, ಗಡಿಯಾರವನ್ನು ಆಚೆ ಕೋಣೆಯಲ್ಲಿಡುವುದು, ಬಂದ ನೆಂಟರನ್ನು ಜಗಲಿಯಲ್ಲೇ ತಡೆದು ಕೂರಿಸುವುದು ನನ್ನ ಕೆಲಸ. ಅದಕ್ಕೆ ಯಾವ ಖರ್ಚೂ ಇಲ್ಲ. ಆಗಲೂ ಇರಲಿಲ್ಲ.